ಕನ್ನಡಕ ಬಿಡುವ ಮುನ್ನ, ಬಿಟ್ಟ ಮೇಲೆ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಊರಿನ ಕಾಲೇಜಿಗೆ ಹೋದರೂ ಕನ್ನಡಕ ಧರಿಸಿದವರು ಕಾಣುತ್ತಾರೆ. ಲೇಸರ್ ಚಿಕಿತ್ಸೆಯಿಂದ ಕನ್ನಡಕ ತಪ್ಪುವುದೇ ಎಂಬುದು ಅವರಲ್ಲಿ ಹಲವರ ಪ್ರಶ್ನೆ. ಹಲವರಿಗೆ ತಪ್ಪುತ್ತದೆ, ಎಲ್ಲರಿಗೂ ಅಲ್ಲ. ಲೇಸರ್ ಕಿರಣ ಕೆಲಸ ಮಾಡುವುದು ಕೆಲವೇ ಸೆಕೆಂಡು. ಅದರ ಫಲ ಮಾತ್ರ ಹಿಂದಿನ ಸಿದ್ಧತೆ ಮತ್ತು ಮುಂದಿನ ಆರೈಕೆಯನ್ನು ಅವಲಂಬಿಸಿದೆ.

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳೋಣ. ಡಾ. ಎಂ.ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರ ನಡೆಸಿ ನಮ್ಮ ಹಿರಿಯರಿಗೆ ಮಾಡುತ್ತಿದ್ದುದು ಪೊರೆಯ ಶಸ್ತ್ರಚಿಕಿತ್ಸೆ. ಅಲ್ಲಿ ಕಣ್ಣೊಳಗಿನ ಮಸುಕಾದ ಮಸೂರವನ್ನು ತೆಗೆಯುತ್ತಾರೆ. ಲಾಸಿಕ್‌ನಲ್ಲಿ ಮಸೂರವನ್ನು ಮುಟ್ಟುವುದಿಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಕಾರ್ನಿಯಾದಲ್ಲಿ ಮುಚ್ಚಳದಂತಹ ತೆಳು ಪದರವನ್ನು ಎತ್ತಿ, ಅದರ ಕೆಳಗಿನ ಭಾಗವನ್ನು ಎಕ್ಸೈಮರ್ ಲೇಸರ್‌ನಿಂದ ತಿದ್ದಿ, ಪದರವನ್ನು ಮತ್ತೆ ಮುಚ್ಚುತ್ತಾರೆ. ಈ ಲೇಸರ್ ಅಂಗಾಂಶವನ್ನು ಸುಡದೆ ತೆಗೆಯಬಲ್ಲದೆಂದು 1981ರಲ್ಲಿ ಕಂಡುಕೊಂಡ ಐ.ಬಿ.ಎಂ. ತಂಡದಲ್ಲಿ ಭಾರತ ಮೂಲದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಇದ್ದರು. ಅವರ ಮೊದಲ ಪ್ರಯೋಗ ನಡೆದದ್ದು ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಮೇಲೆ!

ಕಾರ್ನಿಯಾದ ದಪ್ಪ ನಡುವೆ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ತೆಗೆದ ಭಾಗ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದಲೇ ಪೂರ್ವಪರೀಕ್ಷೆ ಮುಖ್ಯ.

ಮೊದಲು ಏನು ಮಾಡಬೇಕು?

ವಯಸ್ಸು 18 ತುಂಬಿರಬೇಕು. ಕನ್ನಡಕದ ನಂಬರ್ ಕನಿಷ್ಠ ಒಂದು ವರ್ಷ ಬದಲಾಗದೆ ನಿಂತಿರಬೇಕು. ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾದ ಆಕಾರವನ್ನು ಬದಲಿಸುವುದರಿಂದ, ಪರೀಕ್ಷೆಗೆ ಮೊದಲು ವೈದ್ಯರು ಹೇಳಿದಷ್ಟು ದಿನ ಅದನ್ನು ಬಿಡಬೇಕು. ಕಾರ್ನಿಯಾ ತೆಳುವಾಗಿದ್ದರೆ ಅಥವಾ ಶಂಕುವಿನಂತೆ ಉಬ್ಬುತ್ತಿದ್ದರೆ ಈ ಚಿಕಿತ್ಸೆ ಅಪಾಯಕರ. ಸೇವಿಸುವ ಎಲ್ಲ ಔಷಧಿಗಳನ್ನೂ ವೈದ್ಯರಿಗೆ ತಿಳಿಸಿ.

ಉದ್ಯೋಗಕ್ಕಾಗಿ ಚಿಕಿತ್ಸೆ ಬಯಸುವವರು ನೇಮಕಾತಿ ನಿಯಮಗಳನ್ನು ಮೊದಲೇ ಓದಿರಿ. ರೈಲ್ವೆ ಸಹಾಯಕ ಲೋಕೋ ಪೈಲಟ್ ಹುದ್ದೆಯ 2024ರ ಪ್ರಕಟಣೆಯಂತೆ ಲಾಸಿಕ್ ಮಾಡಿಸಿಕೊಂಡವರು ಅರ್ಹರಲ್ಲ. ಹುದ್ದೆಗೆಂದು ಮಾಡಿಸಿದ ಚಿಕಿತ್ಸೆಯೇ ಹುದ್ದೆಯನ್ನು ತಪ್ಪಿಸಬಾರದಲ್ಲವೇ?

ಚಿಕಿತ್ಸೆಯ ದಿನ ಕಾಡಿಗೆ, ಪೌಡರ್, ಸುಗಂಧದ್ರವ್ಯ ಬೇಡ. ತಲೆಸ್ನಾನವನ್ನು ಮೊದಲೇ ಮುಗಿಸಿರಿ. ಜೊತೆಗೊಬ್ಬರು ಇರಲಿ. ಹನಿ ಔಷಧದಿಂದ ಕಣ್ಣು ಮರಗಟ್ಟುತ್ತದೆ. ನೀವು ಎಚ್ಚರವಾಗಿಯೇ ಇದ್ದು, ತೋರಿಸಿದ ಬೆಳಕನ್ನು ನೋಡುತ್ತಿರಬೇಕು.

ಆಮೇಲಿನ ಆರೈಕೆ

ಕೆಲವು ಗಂಟೆ ಉರಿ, ನೀರು ಸುರಿಯುವುದು ಸಹಜ. ಮರುದಿನದ ತಪಾಸಣೆ ತಪ್ಪಿಸಬಾರದು. ಹುಬ್ಬಳ್ಳಿಯಂತಹ ದೂರದ ಊರಿನಲ್ಲಿ ಚಿಕಿತ್ಸೆಯಾದರೆ ಅಂದೇ ಬಸ್ಸು ಹಿಡಿಯದೆ ಅಲ್ಲಿಯೇ ತಂಗುವುದು ಲೇಸು.

ಎಲ್ಲಕ್ಕಿಂತ ಮುಖ್ಯವಾಗಿ, ಕಣ್ಣು ಉಜ್ಜಬೇಡಿ, ಪದರ ಸರಿದೀತು. ಮಲಗುವಾಗ ರಕ್ಷಾಕವಚ ಧರಿಸಿ. ಹನಿಗಳನ್ನು ಹೇಳಿದಷ್ಟು ದಿನ ಹಾಕಿರಿ. ಸ್ವಂತ ತೀರ್ಮಾನದಿಂದ ನಿಲ್ಲಿಸುವುದೂ, ಮುಂದುವರಿಸುವುದೂ ಸಲ್ಲದು. ಕಾಲುವೆ, ಬಾವಿಯ ಈಜು ಸುಮಾರು ಒಂದು ತಿಂಗಳು ಬೇಡ. ಗಂಗಾವತಿಯ ಅಕ್ಕಿ ಗಿರಣಿಯ ಧೂಳು, ರಾಶಿಯ ಹೊಟ್ಟು, ಗವಿಮಠದ ಜಾತ್ರೆಯ ಜನಜಂಗುಳಿ, ಹೋಳಿಯ ಬಣ್ಣ, ಇವುಗಳಿಂದ ಆರಂಭದ ವಾರಗಳಲ್ಲಿ ದೂರವಿರಿ. ಸುಗ್ಗಿ, ಪರೀಕ್ಷೆ, ಹಬ್ಬಗಳನ್ನು ನೋಡಿಕೊಂಡೇ ಚಿಕಿತ್ಸೆಯ ದಿನ ಗೊತ್ತುಮಾಡಿ.

ಕಣ್ಣು ಒಣಗಿದಂತಾಗುವುದು, ರಾತ್ರಿ ದೀಪದ ಸುತ್ತ ಪ್ರಭೆ ಕಾಣುವುದು ಕೆಲವು ತಿಂಗಳು ಇರಬಹುದು. ಆದರೆ ನೋವು ಹೆಚ್ಚಿದರೆ, ದೃಷ್ಟಿ ಕುಂದಿದರೆ, ಕೀವು ಕಂಡರೆ ತಡಮಾಡದೆ ವೈದ್ಯರನ್ನು ಕಾಣಿರಿ.

ಸಮೀಪದೃಷ್ಟಿ ಹೆಚ್ಚಿದ್ದವರ ಅಕ್ಷಿಪಟದ ದೌರ್ಬಲ್ಯ ಲೇಸರ್‌ನಿಂದ ಹೋಗುವುದಿಲ್ಲ. ವರ್ಷಕ್ಕೊಮ್ಮೆ ತಪಾಸಣೆ ಬೇಕು. ಪರೀಕ್ಷೆಯ ವರದಿಗಳನ್ನು ಜೋಪಾನವಾಗಿಡಿ. ಮುಂದೆಂದೋ ಪೊರೆ ಬಂದಾಗ ಕೃತಕ ಮಸೂರದ ಲೆಕ್ಕಕ್ಕೆ ಅವು ನೆರವಾಗುತ್ತವೆ. ನಲವತ್ತು ದಾಟಿದ ಮೇಲೆ ಓದುವ ಕನ್ನಡಕವೂ ಬರಬಹುದು.

ಪರೀಕ್ಷಿಸಿದ ವೈದ್ಯರು ‘ನಿಮಗೆ ಲೇಸರ್ ಬೇಡ’ ಎಂದರೆ ನಿರಾಶೆ ಬೇಡ. ಅವರು ನಿಮ್ಮ ಕಣ್ಣನ್ನು ಕಾಪಾಡಿದ್ದಾರೆ. ಕನ್ನಡಕ ಧರಿಸುವುದು ಅವಮಾನವಲ್ಲ; ಅದರಿಂದಲೂ ಲೋಕ ಸ್ಪಷ್ಟವಾಗಿಯೇ ಕಾಣುತ್ತದೆ.