ಚಳಿಗಿಂತ ಹಸಿವು ದೊಡ್ಡದು

ಮಾಗಿಯ ಚಳಿ ಶುರುವಾದರೆ ಸಾಕು, ಶಿಶುವಿಹಾರಗಳ ಗೋಡೆಯ ಮೇಲೆ ಮಲಗಿದ ಕರಡಿ, ಕಾಯಿ ಹೊತ್ತ ಅಳಿಲು, ಸಾಲಾಗಿ ಹಾರುವ ಹಕ್ಕಿಗಳ ಚಿತ್ರ ಏರುತ್ತವೆ. ಚಿತ್ರಗಳೇನೋ ಚೆಂದ. ಆದರೆ ಅವುಗಳ ಜೊತೆಗೆ ನಾವು ಹೇಳುವ ಮಾತುಗಳಲ್ಲಿ ಎಷ್ಟೋ ತಪ್ಪುಗಳು ನುಸುಳಿರುತ್ತವೆ. ನಾಲ್ಕೈದು ವರ್ಷದ ಮಗು ಮೊದಲು ಕೇಳಿದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಆದ್ದರಿಂದ ಸರಳವಾಗಿ ಹೇಳುವಾಗಲೂ ಸರಿಯಾಗಿ ಹೇಳುವ ಹೊಣೆ ನಮ್ಮದು.

ತಪ್ಪು ಕಲ್ಪನೆ: ಕರಡಿಗಳೆಲ್ಲ ಚಳಿಗಾಲ ಪೂರ್ತಿ ಮೈಮರೆತು ಮಲಗುತ್ತವೆ.

ಸತ್ಯ: ಉತ್ತರ ಅಮೆರಿಕದ ಕಪ್ಪು ಕರಡಿ ತಿಂಗಳುಗಟ್ಟಲೆ ಅನ್ನ ನೀರಿಲ್ಲದೆ, ಮಲಮೂತ್ರವೂ ಇಲ್ಲದೆ ಗುಹೆಯಲ್ಲಿ ಕಳೆಯುವುದು ನಿಜ. ಆದರೆ ಅದರ ಮೈಬಿಸಿ ಇಳಿಯುವುದು ಕೆಲವೇ ಡಿಗ್ರಿ. ಅಪಾಯದ ಸುಳಿವು ಸಿಕ್ಕರೆ ಏಳಬಲ್ಲದು. ತಾಯಿ ಕರಡಿಯಂತೂ ನಡು ಚಳಿಗಾಲದಲ್ಲೇ ಮರಿ ಹಾಕಿ, ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಬಲದಿಂದ ಹಾಲೂಡಿಸುತ್ತದೆ. ಇನ್ನು ಹಂಪಿ ಬಳಿಯ ದರೋಜಿಯ ಕರಡಿಗಳಿಗೆ ಈ ದೀರ್ಘ ನಿದ್ದೆಯೇ ಇಲ್ಲ. ಗೆದ್ದಲು, ಇರುವೆ, ಕಾಡುಹಣ್ಣು, ಜೇನು ಎಂದು ವರ್ಷವಿಡೀ ಒಂದಲ್ಲ ಒಂದು ತಿನಿಸು ಸಿಗುವಾಗ ಅವು ಯಾಕೆ ಮಲಗಬೇಕು?

ತಪ್ಪು ಕಲ್ಪನೆ: ಶಿಶಿರನಿದ್ರೆ ಎಂದರೆ ನಮ್ಮ ರಾತ್ರಿಯ ನಿದ್ದೆಯಂಥದೇ, ಸ್ವಲ್ಪ ಉದ್ದ ಅಷ್ಟೆ.

ಸತ್ಯ: ರಾತ್ರಿ ಮಲಗುವ ಮುಂಚೆ ಅಜ್ಜಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಡುತ್ತಿದ್ದಳಲ್ಲ, ಶಿಶಿರನಿದ್ರೆ ಹಾಗಿರುತ್ತದೆ. ಬೆಂಕಿ ಆರಬಾರದು, ಸೌದೆಯೂ ಮುಗಿಯಬಾರದು. ಅಲಾಸ್ಕದ ನೆಲ ಅಳಿಲಿನ ಮೈಬಿಸಿ ಮೈನಸ್ 2.9 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿದದ್ದು ದಾಖಲಾಗಿದೆ. ಎರಡು ಮೂರು ವಾರಕ್ಕೊಮ್ಮೆ ಅದು ಮೈ ಕಾಯಿಸಿಕೊಂಡು, ಕೆಲವು ಗಂಟೆ ಕಳೆದು ಮತ್ತೆ ತಣ್ಣಗಾಗುತ್ತದೆ. ಹಾಗೆ ಒಂದೊಂದು ಸಲ ಮೈ ಬಿಸಿಯಾದಾಗಲೂ ಕೂಡಿಟ್ಟ ಕೊಬ್ಬು ಬಹಳಷ್ಟು ಉರಿದುಹೋಗುತ್ತದೆ. ಇಂಥ ಪ್ರಾಣಿಯನ್ನು ತಮಾಷೆಗೆಂದು ಎಬ್ಬಿಸಬಾರದು ಎಂಬುದನ್ನೂ ಮಕ್ಕಳಿಗೆ ಇಲ್ಲೇ ಹೇಳಬಹುದು.

ತಪ್ಪು ಕಲ್ಪನೆ: ಹಕ್ಕಿಗಳು ಚಳಿ ತಾಳಲಾರದೆ ವಲಸೆ ಹೋಗುತ್ತವೆ.

ಸತ್ಯ: ಹಕ್ಕಿಯ ಗರಿ ಒಳ್ಳೆಯ ಕಂಬಳಿ. ಹಿಮ ಬೀಳುವ ಯುರೋಪಿನ ಊರುಗಳಲ್ಲೂ ಗುಬ್ಬಚ್ಚಿ ಚಳಿಗಾಲ ಕಳೆಯುತ್ತದೆ, ಏಕೆಂದರೆ ಅದು ತಿನ್ನುವ ಕಾಳು ಅಲ್ಲಿ ಹೇಗೋ ಸಿಗುತ್ತದೆ. ಹಾರುವ ಹುಳುಗಳನ್ನೇ ನಂಬಿದ ಕವಲುತೋಕೆಗೆ ಅಲ್ಲಿ ಉಳಿಗಾಲವಿಲ್ಲ. ಅದು ಹೊರಡಲೇಬೇಕು. ಹೀಗೆ ಹೊರಟವು ಎಲ್ಲಿಗೆ ಹೋಗುತ್ತವೆ ಎಂಬುದು ಬಹುಕಾಲ ಒಗಟಾಗಿತ್ತು. ಕೆರೆಯ ತಳದಲ್ಲಿ ಮಲಗಿರುತ್ತವೆ ಎಂದು ನಂಬಿದವರೂ ಇದ್ದರು. 1822ರಲ್ಲಿ ಜರ್ಮನಿಯಲ್ಲಿ ಸಿಕ್ಕ ಕೊಕ್ಕರೆಯೊಂದರ ಕತ್ತಿನಲ್ಲಿ ಆಫ್ರಿಕದ ಈಟಿ ನಾಟಿಕೊಂಡಿತ್ತು. ಆ ಈಟಿಯೇ ಅದರ ದಾರಿಗೆ ಸಾಕ್ಷಿಯಾಯಿತು.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳದ್ದೂ ಇದೇ ಕತೆ. ಮಂಗೋಲಿಯ, ಟಿಬೆಟ್ ಕಡೆಯ ಹುಲ್ಲು ಹಿಮದಡಿ ಹೂತು, ಕೆರೆಗಳು ಹೆಪ್ಪುಗಟ್ಟಿದಾಗ ಅವು ಹಿಮಾಲಯ ದಾಟಿ ಬಂದು ನಮ್ಮ ಹೊಲಗಳಲ್ಲಿ ಮೇಯುತ್ತವೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲು ಸಾಧ್ಯವಾದರೆ ಅದಕ್ಕಿಂತ ದೊಡ್ಡ ಪಾಠವಿಲ್ಲ.

ತಪ್ಪು ಕಲ್ಪನೆ: ಅಳಿಲು ಚಳಿಗಾಲವನ್ನು ನೆನೆದು ಕಾಯಿ ಕೂಡಿಡುತ್ತದೆ, ಆಮೇಲೆ ಮರೆತುಬಿಡುತ್ತದೆ.

ಸತ್ಯ: ಎರಡೂ ಮಾತು ಪೂರ್ತಿ ಸರಿಯಲ್ಲ. ಒಂದು ಚಳಿಗಾಲವನ್ನೂ ಕಾಣದ ಎಳೆಯ ಅಳಿಲೂ ಕಾಯಿ ಹೂಳುತ್ತದೆ, ಅದು ಹುಟ್ಟುಗುಣ. ಮರೆವಿನ ಮಾತೂ ಅಷ್ಟೆ. 1991ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಬೂದು ಅಳಿಲುಗಳು ಬೇರೆ ಅಳಿಲುಗಳ ಕಾಯಿಗಿಂತ ತಾವೇ ಹೂತ ಕಾಯಿಗಳನ್ನು ಹೆಚ್ಚಾಗಿ ಹುಡುಕಿ ತೆಗೆದವು. ಅಲ್ಲೊಂದು ಇಲ್ಲೊಂದು ಉಳಿದದ್ದು ಮೊಳೆತು ಮರವಾಗುತ್ತದೆ. ಮಕ್ಕಳ ಕೈಗೆ ಹತ್ತು ಶೇಂಗಾಕಾಯಿ ಕೊಟ್ಟು ಅಂಗಳದಲ್ಲಿ ಬಚ್ಚಿಡಲು ಹೇಳಿ, ಮರುದಿನ ಹುಡುಕಿಸಿ. ಅಳಿಲಿನ ನೆನಪಿನ ಬೆಲೆ ಆಗ ತಾನಾಗಿ ತಿಳಿಯುತ್ತದೆ.

ತಪ್ಪು ಕಲ್ಪನೆ: ಇದೆಲ್ಲ ಹಿಮ ಬೀಳುವ ದೇಶಗಳ ಸಂಗತಿ, ನಮ್ಮೂರಲ್ಲಿ ಇಂಥದ್ದೇನೂ ಇಲ್ಲ.

ಸತ್ಯ: ನಮ್ಮ ಬಯಲುಸೀಮೆಯಲ್ಲಿ ಕಷ್ಟದ ಕಾಲ ಬೇಸಿಗೆ. ನೆಲ ಬಿರಿದು, ಹುಳುಹುಪ್ಪಟೆ ಕಡಿಮೆಯಾದಾಗ ಬಿಲ ತೋಡುವ ಕಪ್ಪೆಗಳು ತೇವ ಹುಡುಕಿ ಮಣ್ಣಿನೊಳಗೆ ಇಳಿಯುತ್ತವೆ. ಬಸವನಹುಳು ತನ್ನದೇ ಲೋಳೆಯಿಂದ ಚಿಪ್ಪಿನ ಬಾಯಿಗೆ ಪರದೆ ಕಟ್ಟಿ ಒಳಗೆ ಕೂರುತ್ತದೆ. ಇದಕ್ಕೆ ಗ್ರೀಷ್ಮನಿದ್ರೆ ಎಂದು ಹೆಸರು. ಮೊದಲ ಮಳೆಗೆ ಕಪ್ಪೆಗಳು ಒಮ್ಮೆಲೇ ಕಾಣಿಸಿಕೊಂಡಾಗ ಮಳೆಯ ಜೊತೆಗೇ ಆಕಾಶದಿಂದ ಬಿದ್ದವು ಎನ್ನುವವರಿದ್ದಾರೆ. ಅವು ಅಷ್ಟು ದಿನವೂ ನಮ್ಮ ಕಾಲಡಿಯ ಮಣ್ಣಲ್ಲೇ ಇದ್ದವು.

ಇಷ್ಟನ್ನೂ ಮಗುವಿಗೆ ಬಾಯಿಪಾಠ ಮಾಡಿಸಬೇಕಾಗಿಲ್ಲ. ಯಾವ ಪ್ರಾಣಿಯ ಚಿತ್ರ ತೋರಿಸಿದರೂ ಒಂದೇ ಪ್ರಶ್ನೆ ಕೇಳಿ: "ಇದು ಏನು ತಿನ್ನುತ್ತೆ? ಆ ತಿಂಡಿ ಈ ಕಾಲದಲ್ಲಿ ಸಿಗುತ್ತಾ?" ಸಿಗದಿದ್ದರೆ ಹಾರಿಹೋಗಬೇಕು, ಕೂಡಿಡಬೇಕು, ಇಲ್ಲವೇ ಒಲೆಗೆ ಬೂದಿ ಮುಚ್ಚಿದಂತೆ ಮಲಗಬೇಕು. ಉಳಿದದ್ದನ್ನು ಮಗುವೇ ಊಹಿಸುತ್ತದೆ. ಬರುವ ಮುಂಗಾರಿನ ಮೊದಲ ರಾತ್ರಿ ಹೊಲದ ಕಡೆಯಿಂದ ವಟವಟ ಕೇಳಿಬಂದಾಗ ಅದು ಕಿವಿ ನಿಮಿರಿಸಿ "ಎದ್ದವು!" ಎಂದರೆ, ಪಾಠ ಮುಟ್ಟಿದೆ.