ಜಾಲತಾಣದ ಲೋಕಾರ್ಪಣೆಗೆ ಮುನ್ನ ಪರೀಕ್ಷೆ: ಸದಸ್ಯರು ಗಮನಿಸಬೇಕಾದ ಅಂಶಗಳು



ತೆರಿಗೆ ಪಾವತಿ, ನಮೂನೆ 9 ಮತ್ತು 11, ಕುಂದುಕೊರತೆ ಅರ್ಜಿ ಮುಂತಾದ ಸೇವೆಗಳು ಇಂದು ಗಣಕಯಂತ್ರದ ಮೂಲಕವೇ ದೊರೆಯುತ್ತಿವೆ. ಇಂತಹ ಸೇವೆಯ ಜಾಲತಾಣ ಕೈಕೊಟ್ಟರೆ, ಕಾಫಿ ಕೊಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದ ತೋಟದ ಕಾರ್ಮಿಕರು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಆದುದರಿಂದ ಪರೀಕ್ಷೆಯು ತಂತ್ರಜ್ಞರಿಗೆ ಮಾತ್ರ ಬಿಟ್ಟ ಕೆಲಸವಲ್ಲ.

ಆದಾಯ ತೆರಿಗೆ ಇಲಾಖೆಯ ಹೊಸ ಜಾಲತಾಣವು 2021ರ ಜೂನ್ 7ರಂದು ಆರಂಭವಾದಾಗ ತೆರಿಗೆದಾರರು ತೊಂದರೆಗೊಳಗಾದರು. ಮುಂದೆ ವಿವರ ಸಲ್ಲಿಕೆಯ ಗಡುವನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಲಾಯಿತು. ಅಮೆರಿಕ ಸರ್ಕಾರದ ಆರೋಗ್ಯ ವಿಮಾ ಜಾಲತಾಣವು 2013ರ ಅಕ್ಟೋಬರ್ 1ರಂದು ತೆರೆದಾಗ, ಮೊದಲ ದಿನ ನೋಂದಣಿ ಪೂರ್ಣಗೊಂಡದ್ದು ಕೇವಲ 6 ಮಂದಿಗೆ. ಅಲ್ಲಿ ಬಿಡಿಭಾಗಗಳ ಪರೀಕ್ಷೆ ಪ್ರತ್ಯೇಕವಾಗಿ ನಡೆದಿತ್ತು. ಇಡೀ ವ್ಯವಸ್ಥೆಯ ಒಟ್ಟು ಪರೀಕ್ಷೆ ನಡೆದದ್ದು ಕೊನೆಯ ಎರಡು ವಾರಗಳಲ್ಲಿ ಮಾತ್ರ. ಗಡುವನ್ನು ವಿಸ್ತರಿಸಬಹುದು, ಕಳೆದುಹೋದ ಕೂಲಿಯನ್ನು ಯಾರೂ ಮರಳಿಸುವುದಿಲ್ಲ.

ಲೋಕಾರ್ಪಣೆಗೆ ಮುನ್ನ ಈ ಕೆಳಗಿನವುಗಳನ್ನು ಪರಿಶೀಲಿಸುವುದು ಅಗತ್ಯ:

1. ಪೂರ್ಣ ವ್ಯವಹಾರ: ಅರ್ಜಿ ತುಂಬುವುದರಿಂದ ಆರಂಭಿಸಿ ರಸೀದಿ ಮುದ್ರಣವಾಗುವವರೆಗೆ ನಡೆಸಿ ನೋಡಬೇಕು. ಪಾವತಿಯ ನಡುವೆ ವಿದ್ಯುತ್ ಹೋದರೆ, ಮತ್ತೆ ಪ್ರಯತ್ನಿಸಿದಾಗ ಹಣ ಎರಡು ಬಾರಿ ಕಡಿತವಾಗಬಾರದು.

2. ಸ್ಥಳ: ಜಿಲ್ಲಾ ಕೇಂದ್ರದಲ್ಲಿ ಕ್ಷಣಾರ್ಧದಲ್ಲಿ ತೆರೆಯುವ ಪುಟವು ಮಳೆಗಾಲದ ಘಟ್ಟದೂರಿನಲ್ಲಿ ತೆರೆಯದಿರಬಹುದು. ಸಂಪರ್ಕ ಅತ್ಯಂತ ದುರ್ಬಲವಾಗಿರುವ ಗ್ರಾಮದಲ್ಲಿ, ಸಾಧಾರಣ ಮೊಬೈಲ್‌ನಲ್ಲಿ ಪರೀಕ್ಷಿಸಬೇಕು.

3. ಹೆಸರು ಮತ್ತು ವಿಳಾಸ: ಒತ್ತಕ್ಷರವುಳ್ಳ ಕನ್ನಡ ಹೆಸರುಗಳು ಪರದೆಯಲ್ಲಿಯೂ ಮುದ್ರಿತ ಪ್ರತಿಯಲ್ಲಿಯೂ ಸರಿಯಾಗಿ ಮೂಡಬೇಕು. ತಾಲ್ಲೂಕುಗಳ ಪಟ್ಟಿಯಲ್ಲಿ ಕಳಸವು ಮೂಡಿಗೆರೆಯಿಂದ ಪ್ರತ್ಯೇಕವಾಗಿರಬೇಕು. ಲೈನ್ ಮನೆಯ ವಿಳಾಸವನ್ನೂ ಸ್ವೀಕರಿಸಬೇಕು.

4. ಬಳಕೆದಾರರು: ಹಿರಿಯರು, ದೃಷ್ಟಿದೋಷವುಳ್ಳವರು ಹಾಗೂ ಮೊದಲ ಬಾರಿಗೆ ಬಳಸುವವರಿಂದ ಅರ್ಜಿ ತುಂಬಿಸಿ, ಹೇಳಿಕೊಡದೆ ಗಮನಿಸಬೇಕು. ಅವರು ತಡವರಿಸುವ ಕಡೆ ದೋಷವಿರುವುದು ಪುಟದಲ್ಲಿ, ಅವರಲ್ಲಿ ಅಲ್ಲ.

5. ಗೌಪ್ಯತೆ: ಒಬ್ಬರ ಅರ್ಜಿ ಸಂಖ್ಯೆಯಲ್ಲಿ ಒಂದು ಅಂಕಿ ಬದಲಿಸಿದಾಗ ಇನ್ನೊಬ್ಬರ ವಿವರ ತೆರೆಯಬಾರದು. ಪರೀಕ್ಷೆಗೆ ನಾಗರಿಕರ ನಿಜವಾದ ಆಧಾರ್ ಸಂಖ್ಯೆಯನ್ನು ಬಳಸಬಾರದು.

ಕಂಡ ದೋಷವನ್ನು ದಿನಾಂಕ, ಸ್ಥಳ, ಪುಟದ ಹೆಸರು ಮತ್ತು ಆಗಬೇಕಾದದ್ದೇನು, ಆದದ್ದೇನು ಎಂಬ ವಿವರಗಳೊಂದಿಗೆ ಲಿಖಿತವಾಗಿ ನೀಡುವುದು ಸೂಕ್ತ. ಒಂದು ದೋಷ ಸರಿಪಡಿಸುವಾಗ ಮತ್ತೊಂದು ಹುಟ್ಟಬಹುದಾದ್ದರಿಂದ, ತಿದ್ದುಪಡಿಯ ನಂತರ ಎಲ್ಲವನ್ನೂ ಮರುಪರೀಕ್ಷಿಸಬೇಕು. ಪರೀಕ್ಷೆ ಮುಗಿಯದಿದ್ದಲ್ಲಿ ಉದ್ಘಾಟನೆಯನ್ನು ಮುಂದೂಡುವುದರಲ್ಲಿ ಅಗೌರವವಿಲ್ಲ. ಜನರನ್ನು ಬರಿಗೈಯಲ್ಲಿ ಕಳುಹಿಸುವುದರಲ್ಲಿದೆ.