ಅರೆತಲೆನೋವಿನಲ್ಲಿ ಔಷಧದ ಬದಲಾವಣೆಯೂ ರೋಗಿಯ ತೃಪ್ತಿಯೂ

ಆಯುರ್ವೇದವು ಅರ್ಧಾವಭೇದಕವೆಂದು ವರ್ಣಿಸುವ ಬೇನೆಗೂ ಪಾಶ್ಚಾತ್ಯ ವೈದ್ಯರು ಮೈಗ್ರೇನ್ ಎಂದು ಕರೆಯುವ ಬೇನೆಗೂ ಬಹಳ ಹೋಲಿಕೆಯುಂಟು. ಅದರ ಶಮನಕ್ಕಾಗಿ ಒಂದು ಔಷಧವನ್ನು ಬಿಟ್ಟು ಮತ್ತೊಂದನ್ನು ಹಿಡಿದವರಲ್ಲಿ ಹಲವರು ಹೊಸದರಿಂದ ತೃಪ್ತರಾದುದಾಗಿ ಹೇಳುವರು. ಈ ತೃಪ್ತಿಯಲ್ಲಿ ಔಷಧದ ಗುಣವೆಷ್ಟು, ಅನ್ಯ ಕಾರಣಗಳೆಷ್ಟು ಎಂಬುದು ವಿಚಾರಾರ್ಹವಾಗಿದೆ.

ರೈ ಧಾನ್ಯದ ತೆನೆಗೆ ತಗಲುವ ಎರ್ಗಟ್ ಎಂಬ ಶಿಲೀಂಧ್ರದಿಂದ 1918ರಲ್ಲಿ ಸ್ವಿಸ್ ರಸಾಯನಜ್ಞನಾದ ಸ್ಟೋಲನು ಎರ್ಗೊಟಮಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದನು. ಬಹುಕಾಲ ಇದೇ ಈ ಬೇನೆಯ ವಿಶೇಷೌಷಧವಾಗಿದ್ದಿತು. ಆದರೆ ರೋಗದಿಂದಲೇ ಉಂಟಾಗುವ ವಾಕರಿಕೆಯನ್ನು ಇದು ಹೆಚ್ಚಿಸುತ್ತಿದ್ದಿತು. 1991ರಲ್ಲಿ ಸುಮಟ್ರಿಪ್ಟಾನ್ ಬಳಕೆಗೆ ಬಂದಿತು. ಆ ವರ್ಗದ ಏಳು ಔಷಧಗಳಲ್ಲಿ ಒಂದರಿಂದ ಗುಣಕಾಣದವರಿಗೆ ಇನ್ನೊಂದರಿಂದ ಗುಣವಾಗುವುದುಂಟು. ಏಕೆಂದರೆ ಅವುಗಳ ನಡೆ ಒಂದೇ ತೆರನಾದುದಲ್ಲ: ರಿಜಟ್ರಿಪ್ಟಾನ್ ಶೀಘ್ರವಾಗಿ ಕೆಲಸಮಾಡುವುದು, ಫ್ರೊವಟ್ರಿಪ್ಟಾನ್ ನಿಧಾನವಾದರೂ ದೇಹದಲ್ಲಿ ಬಹುಕಾಲ ನಿಲ್ಲುವುದು. ಇವೆಲ್ಲವೂ ರಕ್ತನಾಳಗಳನ್ನು ಸಂಕೋಚಗೊಳಿಸುವುದರಿಂದ ಹೃದ್ರೋಗಿಗಳಿಗೆ ನಿಷಿದ್ಧವಾಗಿವೆ. 2019ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾದ ಉಬ್ರೊಜೆಪಂಟ್ ಅಂತಹ ಸಂಕೋಚವನ್ನುಂಟುಮಾಡದು.

ರೋಗಿಯು ಬಯಸುವುದು ನೋವು ತಗ್ಗುವುದನ್ನು ಮಾತ್ರವಲ್ಲ. ಎರಡು ಗಂಟೆಗಳೊಳಗಾಗಿ ಅದು ಪೂರ್ಣವಾಗಿ ಅಡಗಬೇಕು, ಮರುದಿನದೊಳಗೆ ಮರುಕಳಿಸಬಾರದು, ಔಷಧವು ಪ್ರತಿಸಲವೂ ಫಲಿಸಬೇಕು, ಜಡತೆ, ಎದೆಬಿಗಿತ ಮೊದಲಾದುವು ಇರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ನೋವು ತಗ್ಗಿದವನು ಅತೃಪ್ತನಾಗಿಯೇ ಉಳಿಯಬಹುದು.

ಆದರೆ ತೃಪ್ತಿಗೆ ಬೇರೆ ಕಾರಣಗಳೂ ಉಂಟು. ಔಷಧವನ್ನು ಬದಲಾಯಿಸುವುದು ಸಾಮಾನ್ಯವಾಗಿ ಬೇನೆಯು ಉಲ್ಬಣಿಸಿದ ಕಾಲದಲ್ಲಿ. ಏರಿದ ಬೇನೆಯು ತಾನಾಗಿ ಇಳಿದಾಗಲೂ ಕೀರ್ತಿಯು ಹೊಸ ಔಷಧಕ್ಕೇ ಸಲ್ಲುವುದು. ನೋವು ಬಲಿತ ಮೇಲೆ ಹಳೆಯ ಗುಳಿಗೆಯನ್ನು ನುಂಗುತ್ತಿದ್ದವನು ಹೊಸದನ್ನು ವೈದ್ಯನ ಮಾತಿನಂತೆ ಆರಂಭದಲ್ಲಿಯೇ ನುಂಗಿದರೆ, ಆ ಭೇದದಿಂದಲೇ ಫಲವು ಹೆಚ್ಚಬಹುದು. ನಂಬಿಕೆಯ ಬಲವೂ ಅಲ್ಪವಲ್ಲ.

ಆದುದರಿಂದ ಒಂದೇ ಸಲದ ಸೋಲಿನಿಂದ ಔಷಧವನ್ನು ತ್ಯಜಿಸುವುದೂ, ಒಂದೇ ಸಲದ ಗೆಲುವಿನಿಂದ ಅದನ್ನು ಹೊಗಳುವುದೂ ಸಮನಾಗಿ ಅವಿಚಾರವಾಗಿವೆ. ಮೂರು ಸಲದ ಬೇನೆಯಲ್ಲಾದರೂ ಪರೀಕ್ಷಿಸಿ, ನೋವು ಬಂದ ದಿನ, ಗುಳಿಗೆ ನುಂಗಿದ ವೇಳೆ, ಉಂಟಾದ ಫಲ, ಇವನ್ನು ಬರೆದಿಡುವುದು ಯುಕ್ತ. ಆ ಬರಹದಿಂದ ಮತ್ತೊಂದು ಅಪಾಯವೂ ತಿಳಿಯಬರುವುದು. ಟ್ರಿಪ್ಟಾನ್ ವರ್ಗದ ಔಷಧವನ್ನು ತಿಂಗಳಿಗೆ 10 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ಸೇವಿಸಿದರೆ, ಔಷಧವೇ ತಲೆನೋವಿಗೆ ಕಾರಣವಾಗಬಹುದು. ಅಂತಹ ರೋಗಿಗೆ ಬೇಕಾದುದು ಹೊಸ ಗುಳಿಗೆಯಲ್ಲ, ಗುಳಿಗೆಗಳ ಮಿತಿ.